ತಪ್ಪಿ ಬಂದ ಸಂಬಳ ಪ್ರಸಾದವಲ್ಲ





ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ ಶರಣ ದಂಪತಿಗಳ ಪ್ರಸಂಗವನ್ನು ಕೇಳದ ಭಕ್ತರು ಕಲ್ಯಾಣ ಕರ್ನಾಟಕದಲ್ಲಿ ವಿರಳ. ಇಂದಿನ ರಾಯಚೂರು ಜಿಲ್ಲೆಯ ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ಮಾರಯ್ಯನವರ ಕಾಯಕವು ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು. ಆ ಅಕ್ಕಿಯಿಂದಲೇ ದಂಪತಿಗಳ ದಾಸೋಹ. ಒಂದು ದಿನ ಮಾರಯ್ಯನವರು ನಿತ್ಯದ ಅಳತೆಗಿಂತ ಹೆಚ್ಚು ಅಕ್ಕಿ ತಂದರು. ಲಕ್ಕಮ್ಮನವರು ಅದನ್ನು ಒಲೆಗೆ ಏರಿಸಲಿಲ್ಲ. ಈ ಹೆಚ್ಚಳವು ಪತಿಯ ಮನಸ್ಸಿನಿಂದ ಬಂದದ್ದೋ, ಬಸವಣ್ಣನವರ ಮನಸ್ಸಿನಿಂದ ಬಂದದ್ದೋ ಎಂದು ಮೊದಲು ವಿಚಾರಿಸಿದರು. ಅಂತಹ ಅಕ್ಕಿಯ ಅನ್ನ ಲಿಂಗಾರ್ಪಿತಕ್ಕೆ ಯೋಗ್ಯವಲ್ಲವೆಂದು ತಿಳಿಸಿದರು. ಎತ್ತಿಕೊಂಡ ಜಾಗದಲ್ಲಿಯೇ ಅದನ್ನು ಮರಳಿ ಹಾಕಿ ಬರುವಂತೆ ಪತಿಯನ್ನು ಕಳುಹಿಸಿದರು.

ಪ್ರವಚನಗಳಲ್ಲಿ ಈ ಪ್ರಸಂಗವನ್ನು ಸಾಮಾನ್ಯವಾಗಿ ನಿರಾಸೆಯ, ಅಲ್ಪತೃಪ್ತಿಯ ಪಾಠವಾಗಿ ವಿವರಿಸಲಾಗುತ್ತದೆ. ಕೇಳಿದ ಭಕ್ತರು ತಲೆದೂಗುತ್ತಾರೆ, ಕೆಲವರು ಕಣ್ಣೊರೆಸಿಕೊಳ್ಳುತ್ತಾರೆ, ಬಳಿಕ ‘ಅವರು ಮಹಾಶರಣರು, ಸಂಸಾರಸ್ಥರಿಗೆ ಅದು ಸಾಧ್ಯವೇ?’ ಎಂದು ಮನೆಯ ದಾರಿ ಹಿಡಿಯುತ್ತಾರೆ. ಈ ವ್ಯಾಖ್ಯಾನ ಬಹಳ ಅನುಕೂಲಕರವಾದುದು. ಲಕ್ಕಮ್ಮನವರನ್ನು ಎತ್ತರದ ಪೀಠದ ಮೇಲೆ ಕೂರಿಸಿ ಕೈಮುಗಿದರಾಯಿತು, ಅವರ ಪ್ರಶ್ನೆಗೆ ಉತ್ತರ ಹೇಳುವ ಹೊಣೆ ತಪ್ಪಿತು. ಆದರೆ ಲಕ್ಕಮ್ಮನವರೂ ಸಂಸಾರಸ್ಥರೇ. ಅವರು ಮಾತನಾಡಿದ್ದು ಗವಿಯಲ್ಲಲ್ಲ, ಅಡುಗೆಮನೆಯಲ್ಲಿ. ಅವರೆದುರಿಗೆ ಇದ್ದದ್ದು ಮೋಕ್ಷದ ಪ್ರಶ್ನೆಗಿಂತ ಮೊದಲು ಲೆಕ್ಕದ ಪ್ರಶ್ನೆ: ದುಡಿಮೆಗೆ ಸಲ್ಲುವುದು ಇಷ್ಟು, ಕೈಗೆ ಬಂದಿರುವುದು ಅಷ್ಟು, ನಡುವಿನ ಅಂತರ ಯಾರದು?

ಈ ಪ್ರಶ್ನೆ ಹನ್ನೆರಡನೆಯ ಶತಮಾನದಲ್ಲಿಯೇ ಉಳಿದಿಲ್ಲ. ಕಲಬುರಗಿ ನಗರದ ಕಚೇರಿ, ಶಾಲೆ, ಆಸ್ಪತ್ರೆ, ತೊಗರಿ ಬೇಳೆ ಮಿಲ್ಲುಗಳಲ್ಲಿ ದುಡಿಯುವ ಪ್ರತಿಯೊಬ್ಬ ಭಕ್ತನ ಮೊಬೈಲಿಗೆ ತಿಂಗಳಿಗೊಮ್ಮೆ ಬ್ಯಾಂಕಿನಿಂದ ಬರುವ ಸಂದೇಶದಲ್ಲಿ ಅದು ಅಡಗಿದೆ. ಸಂಬಳ ಕಡಿಮೆ ಬಂದರೆ ಅದೇ ದಿನ ಲೆಕ್ಕಪತ್ರ ವಿಭಾಗದ ಬಾಗಿಲು ಬಡಿಯುವ ಜನ, ಹೆಚ್ಚು ಬಂದಾಗ ಏನು ಮಾಡುತ್ತಾರೆ? ಬಹುಮಂದಿ ಮೌನವಾಗಿರುತ್ತಾರೆ. ಆ ಮೌನಕ್ಕೆ ಅನೇಕ ಸಮರ್ಥನೆಗಳನ್ನು ಕಟ್ಟಿಕೊಂಡಿರುತ್ತಾರೆ. ಆ ಸಮರ್ಥನೆಗಳಲ್ಲಿ ಒಂದಾದರೂ ಲಕ್ಕಮ್ಮನವರ ಅಡುಗೆಮನೆಯಲ್ಲಿ ನಿಲ್ಲುವುದೇ ಎಂಬುದನ್ನು ಪರಿಶೀಲಿಸುವುದೇ ಈ ಲೇಖನದ ಉದ್ದೇಶ.

ಮೊದಲು ಒಂದು ಉದಾಹರಣೆಯನ್ನು ಇಟ್ಟುಕೊಳ್ಳೋಣ. ಕಲಬುರಗಿ ನಗರದಲ್ಲಿ ಕೆಲಸ ಮಾಡುತ್ತಿದ್ದ ಸರ್ಕಾರಿ ಶಾಲೆಯ ಶಿಕ್ಷಕರೊಬ್ಬರಿಗೆ ಕಮಲಾಪುರಕ್ಕೆ ವರ್ಗಾವಣೆಯಾಯಿತೆಂದು ಭಾವಿಸೋಣ. ಹುಮನಾಬಾದ್ ರಸ್ತೆಯಲ್ಲಿ ಸುಮಾರು 35 ಕಿಲೋಮೀಟರು ದೂರದ, ಕೆಂಪು ಬಾಳೆಹಣ್ಣಿಗೆ ಹೆಸರಾದ ಈ ಊರು ಈಗ ತಾಲ್ಲೂಕು ಕೇಂದ್ರ. ಶಿಕ್ಷಕರು ಮನೆ ಬದಲಿಸದೆ ನಿತ್ಯ ಬಸ್ಸಿನಲ್ಲಿ ಹೋಗಿ ಬರುತ್ತಾರೆ. ರಾಜ್ಯ ಸರ್ಕಾರಿ ನೌಕರರ ಮನೆ ಬಾಡಿಗೆ ಭತ್ಯೆ ಕೆಲಸ ಮಾಡುವ ಊರಿನ ಜನಸಂಖ್ಯೆಯನ್ನು ಅವಲಂಬಿಸಿದೆ. 7ನೇ ರಾಜ್ಯ ವೇತನ ಆಯೋಗದ ಶಿಫಾರಸಿನಂತೆ 2024ರ ಆಗಸ್ಟ್ 1ರಿಂದ ಜಾರಿಗೆ ಬಂದ ದರಗಳಲ್ಲಿ, ಐದು ಲಕ್ಷಕ್ಕೂ ಮೀರಿದ ಜನಸಂಖ್ಯೆಯ ಕಲಬುರಗಿಯಂತಹ ನಗರಕ್ಕೆ ಮೂಲ ವೇತನದ ಶೇ 15. ಕಮಲಾಪುರದಂತಹ ಊರಿಗೆ ಶೇ 7.5. ಮೂಲ ವೇತನ 50,000 ರೂಪಾಯಿ ಇದ್ದರೆ ನಗರದಲ್ಲಿ 7,500, ಕಮಲಾಪುರದಲ್ಲಿ 3,750. ವರ್ಗಾವಣೆಯ ನಂತರವೂ ವೇತನ ಬಿಲ್ಲಿನಲ್ಲಿ ಹಳೆಯ ದರವೇ ಉಳಿದುಬಿಟ್ಟರೆ ತಿಂಗಳಿಗೆ 3,750 ರೂಪಾಯಿ ಹೆಚ್ಚು ಬರುತ್ತದೆ. ಒಂದು ವರ್ಷಕ್ಕೆ ಅದು 45,000 ರೂಪಾಯಿ. ಇಲ್ಲಿ ಯಾರೂ ಕದ್ದಿಲ್ಲ, ಯಾರೂ ಸುಳ್ಳು ದಾಖಲೆ ಕೊಟ್ಟಿಲ್ಲ. ಗಣಕಯಂತ್ರದ ಒಂದು ಕಲಮು ಬದಲಾಗಿಲ್ಲ, ಅಷ್ಟೆ. ಮಹಾಮನೆಯ ಅಂಗಳದಲ್ಲಿ ಹೆಚ್ಚಿಗೆ ಚೆಲ್ಲಿದ ಅಕ್ಕಿಗೂ ಇದಕ್ಕೂ ಯಾವ ವ್ಯತ್ಯಾಸವೂ ಇಲ್ಲ.

ಈಗ ಮೊದಲನೆಯ ಸಮರ್ಥನೆ: ‘ತಪ್ಪು ಅವರದು, ಕೇಳಿದಾಗ ಕೊಟ್ಟರಾಯಿತು.’ ತಪ್ಪು ಅವರದೆಂಬುದು ಮೊದಲ ತಿಂಗಳಿಗೆ ನಿಜ. ವೇತನ ಚೀಟಿಯನ್ನು ಓದಿ ವಿಷಯ ತಿಳಿದ ಮೇಲೆ ಆ ತಪ್ಪಿಗೆ ಇನ್ನೊಬ್ಬ ಪಾಲುದಾರ ಸೇರಿಕೊಳ್ಳುತ್ತಾನೆ. ಇದು ಧರ್ಮಶಾಸ್ತ್ರದ ಮಾತಷ್ಟೇ ಅಲ್ಲ, ದೇಶದ ಕಾನೂನಿನ ಮಾತೂ ಹೌದು. ತಪ್ಪಾಗಿ ಪಾವತಿಯಾದ ಹಣವನ್ನು ಪಡೆದವನು ಅದನ್ನು ಹಿಂತಿರುಗಿಸಬೇಕೆಂದು 1872ರ ಭಾರತೀಯ ಕರಾರು ಕಾಯ್ದೆಯ 72ನೇ ಕಲಮು ಹೇಳುತ್ತದೆ. ಇನ್ನೊಬ್ಬರ ಸ್ವತ್ತನ್ನು ತನ್ನದೆಂದು ಸದ್ಭಾವನೆಯಿಂದ ನಂಬಿ ತೆಗೆದುಕೊಂಡವನು ಅಪರಾಧಿಯಲ್ಲ. ಆದರೆ ತನ್ನದಲ್ಲವೆಂದು ಅರಿತ ಮೇಲೂ ಅದನ್ನು ಅಪ್ರಾಮಾಣಿಕವಾಗಿ ಬಳಸಿಕೊಂಡರೆ ಅಪರಾಧಿಯಾಗುತ್ತಾನೆ. ಹಳೆಯ ದಂಡ ಸಂಹಿತೆಯ 403ನೇ ಕಲಮಿನಲ್ಲಿ ಉದಾಹರಣೆ ಸಹಿತ ಇದ್ದ ಈ ತತ್ವ, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 314ನೇ ಕಲಮಿನಲ್ಲಿ ಮುಂದುವರಿದಿದೆ. ಅರಿವು ಮೂಡಿದ ಕ್ಷಣದಲ್ಲಿಯೇ ಹೊಣೆಯೂ ಹುಟ್ಟುತ್ತದೆ. ಅರಿವೇ ಗುರುವೆಂದು ನಂಬಿದವರಿಗೆ ಇದನ್ನು ವಿವರಿಸಿ ಹೇಳಬೇಕೆ? ಅರಿತ ಮೇಲೂ ‘ಕೇಳಲಿ ನೋಡೋಣ’ ಎಂದು ಕಾಯುವುದು ಪ್ರಾಮಾಣಿಕತೆಯಲ್ಲ, ಸಿಕ್ಕಿಬೀಳುವ ತನಕದ ಸಾಲ. ಆ ಸಾಲವನ್ನು ಕೊಟ್ಟವನಿಗೆ ತಾನು ಸಾಲ ಕೊಟ್ಟಿದ್ದೇನೆಂಬುದೇ ತಿಳಿದಿರುವುದಿಲ್ಲ.

ಎರಡನೆಯದು: ‘ವಾಸವಿರುವುದು ಕಲಬುರಗಿಯಲ್ಲಿ, ಬಾಡಿಗೆ ಕಟ್ಟುತ್ತಿರುವುದೂ ಕಲಬುರಗಿಯ ದರದಲ್ಲಿ, ಆದ್ದರಿಂದ ಶೇ 15 ನ್ಯಾಯವಾದದ್ದೇ.’ ಈ ವಾದದಲ್ಲಿ ಸ್ವಲ್ಪ ಸತ್ಯವಿದೆ. ಬಾಡಿಗೆಯ ಹೊರೆ ನಿಜವಾದದ್ದು, ನಿತ್ಯ ಪ್ರಯಾಣದ ಆಯಾಸವೂ ನಿಜ. ನಿಯಮ ನ್ಯಾಯವಾಗಿಲ್ಲವೆಂದು ತೋರಿದರೆ ನೌಕರರ ಸಂಘದ ಮೂಲಕ ಮನವಿ ಸಲ್ಲಿಸಬಹುದು, ಮುಂದಿನ ವೇತನ ಆಯೋಗದ ಮುಂದೆ ಹೇಳಿಕೆ ಕೊಡಬಹುದು. ಆದರೆ ತನ್ನ ಮೊಕದ್ದಮೆಗೆ ತಾನೇ ನ್ಯಾಯಾಧೀಶನಾಗಿ, ಬಾಗಿಲು ಮುಚ್ಚಿಕೊಂಡು ತನ್ನ ಪರವಾಗಿ ತೀರ್ಪು ಬರೆದುಕೊಂಡು, ಆ ತೀರ್ಪನ್ನು ಯಾರಿಗೂ ತಿಳಿಸದಿರುವುದು ಯಾವ ನ್ಯಾಯ? ಅದೇ ಶಾಲೆಯಲ್ಲಿ, ಅದೇ ಬಸ್ಸಿನಲ್ಲಿ ಬರುವ ಸಹೋದ್ಯೋಗಿ ಶೇ 7.5ರಲ್ಲಿಯೇ ಅದೇ ಬಾಡಿಗೆ ಕಟ್ಟುತ್ತಿರುತ್ತಾರೆ. ಮೌನದಿಂದ ಬಂದ ಲಾಭವು ಅವರಿಗೆ ಮಾಡಿದ ಅನ್ಯಾಯವೂ ಹೌದು.

ಮೂರನೆಯದು ಖಾಸಗಿ ಉದ್ಯೋಗದಲ್ಲಿ ಹೆಚ್ಚಾಗಿ ಕೇಳಿಬರುವ ಮಾತು: ‘ಮಾಲೀಕ ಹೆಚ್ಚುವರಿ ದುಡಿಮೆಗೆ ಹಣ ಕೊಡುವುದಿಲ್ಲ, ಅವನು ತಿಂದದ್ದಕ್ಕೆ ಇದು ಸರಿಹೋಯಿತು.’ ಮಿಲ್ಲೊಂದರಲ್ಲಿ ತಿಂಗಳಿಗೆ 18,000 ರೂಪಾಯಿ ಸಂಬಳದ ಯುವಕನೊಬ್ಬ ನಾಲ್ಕು ದಿನ ಸಂಬಳವಿಲ್ಲದ ರಜೆ ಹಾಕಿದ್ದಾನೆ. ದಿನಕ್ಕೆ 600ರಂತೆ 2,400 ರೂಪಾಯಿ ಕಡಿತವಾಗಬೇಕಿತ್ತು, ಆಗಿಲ್ಲ. ಅದೇ ತಿಂಗಳು ಅವನು ಹಲವು ಸಂಜೆ ಅವಧಿ ಮೀರಿ ದುಡಿದಿದ್ದಾನೆ, ಅದಕ್ಕೆ ಬಿಡಿಗಾಸು ಬಂದಿಲ್ಲ. ಎರಡೂ ಸರಿದೂಗಿತೆಂದು ಅವನು ಸುಮ್ಮನಾಗುತ್ತಾನೆ. ಇಲ್ಲಿ ನಷ್ಟ ಯಾರಿಗೆ? ಅವಧಿ ಮೀರಿದ ದುಡಿಮೆಗೆ ಎರಡರಷ್ಟು ದರದಲ್ಲಿ ಕೂಲಿ ಸಲ್ಲಬೇಕೆಂಬುದು 1948ರ ಕಾರ್ಖಾನೆಗಳ ಕಾಯ್ದೆಯ ಕಾಲದಿಂದ ಬಂದ ನಿಯಮ. ಅದು ಅವನ ಹಕ್ಕು. ಆ ಹಕ್ಕನ್ನು ಮುಖವೆತ್ತಿ ಕೇಳಬೇಕಾದವನು, ಕದ್ದುಮುಚ್ಚಿ ಸರಿದೂಗಿಸಿಕೊಂಡ ದಿನ ಅದನ್ನು ಕೇಳುವ ಧೈರ್ಯವನ್ನೇ ಕಳೆದುಕೊಳ್ಳುತ್ತಾನೆ. ನಾಳೆ ಮಾಲೀಕನು ಹಾಜರಿ ಪುಸ್ತಕವನ್ನು ಎದುರಿಗಿಟ್ಟು ‘ಆ ನಾಲ್ಕು ದಿನದ್ದೇನು?’ ಎಂದರೆ ಅವನ ಬಾಯಿ ಕಟ್ಟಿತು. ಬಾಕಿ ಬರಬೇಕಾದದ್ದನ್ನು ಬಾಕಿಯೆಂದೇ ಕೇಳಬೇಕು. ಹೆಚ್ಚಾಗಿ ಬಂದದ್ದನ್ನು ಹೆಚ್ಚೆಂದೇ ಒಪ್ಪಬೇಕು. ಎರಡನ್ನೂ ಒಂದೇ ಕಾಗದದಲ್ಲಿ ಬರೆದು ಕೊಟ್ಟ ನೌಕರನಷ್ಟು ಗಟ್ಟಿಯಾಗಿ ಮಾಲೀಕನೆದುರು ನಿಲ್ಲಬಲ್ಲವರು ಬೇರೆ ಯಾರೂ ಇಲ್ಲ.

ಕಮಲಾಪುರದ ಬಾಳೆ ಬೆಳೆಗಾರರನ್ನು ಕೇಳಿದರೆ ಈ ತತ್ವ ಸುಲಭವಾಗಿ ಅರ್ಥವಾಗುತ್ತದೆ. ವ್ಯಾಪಾರಿಯ ತಕ್ಕಡಿ ತನಗೆ ವಿರುದ್ಧವಾಗಿ ವಾಲಿದರೆ ರೈತ ಸುಮ್ಮನಿರುವುದಿಲ್ಲ, ಇರಲೂಬಾರದು. ತಕ್ಕಡಿ ತನ್ನ ಕಡೆಗೆ ವಾಲಿದಾಗ ಮಾತ್ರ ಅದು ಸರಿಯಾದ ತಕ್ಕಡಿಯಾಗುವುದೆ? ಒಂದೇ ಕಡೆ ಪರೀಕ್ಷಿಸುವವನಿಗೆ ಬೇಕಾದದ್ದು ಲಾಭ. ತೂಕ ಅವನಿಗೆ ನೆಪ ಮಾತ್ರ.

ನಾಲ್ಕನೆಯ ಸಮರ್ಥನೆ: ‘ಸರ್ಕಾರದ ದುಡ್ಡು, ಯಾರಪ್ಪನ ಗಂಟು?’ ಉತ್ತರಾಖಂಡದ ಚಂಡಿ ಪ್ರಸಾದ್ ಉನಿಯಾಲ್ ಪ್ರಕರಣದಲ್ಲಿ 2012ರಲ್ಲಿ ಸರ್ವೋಚ್ಚ ನ್ಯಾಯಾಲಯವು ಇದಕ್ಕೆ ಉತ್ತರ ಕೊಟ್ಟಿದೆ. ಹೆಚ್ಚಾಗಿ ಪಾವತಿಯಾದದ್ದು ತೆರಿಗೆದಾರರ ಹಣ. ಅದು ಕೊಟ್ಟ ಅಧಿಕಾರಿಯದೂ ಅಲ್ಲ, ಪಡೆದ ನೌಕರನದೂ ಅಲ್ಲ ಎಂಬುದು ಆ ತೀರ್ಪಿನ ಸಾರ. ಸರ್ಕಾರದ ಹಣ ಯಾರದೂ ಅಲ್ಲವೆನ್ನುವವರು, ಅದು ಎಲ್ಲರದೂ ಎಂಬ ಮಾತನ್ನು ಬೇಕೆಂದೇ ಮರೆಯುತ್ತಾರೆ. ಆಳಂದ, ಚಿಂಚೋಳಿಯ ಕೂಲಿಕಾರನು ಬೆಂಕಿಪೊಟ್ಟಣ ಕೊಂಡಾಗ ತೆತ್ತ ತೆರಿಗೆಯೂ ಅದರಲ್ಲಿದೆ.

ಐದನೆಯದು, ಓದಿದವರ ಸಮರ್ಥನೆ: ‘ವಸೂಲಿ ಮಾಡಬಾರದೆಂದು ಸರ್ವೋಚ್ಚ ನ್ಯಾಯಾಲಯವೇ ಹೇಳಿದೆಯಲ್ಲ!’ 2014ರ ಡಿಸೆಂಬರಿನಲ್ಲಿ ಪಂಜಾಬ್ ಸರ್ಕಾರ ಮತ್ತು ರಫೀಕ್ ಮಸೀಹ್ ಪ್ರಕರಣದಲ್ಲಿ ಬಂದ ತೀರ್ಪನ್ನು ಇವರು ಮುಂದೊಡ್ಡುತ್ತಾರೆ. ‘ಸಿ’ ಮತ್ತು ‘ಡಿ’ ದರ್ಜೆಯ ನೌಕರರಿಂದ, ನಿವೃತ್ತರಿಂದ, ಒಂದು ವರ್ಷದೊಳಗೆ ನಿವೃತ್ತರಾಗುವವರಿಂದ, ಐದು ವರ್ಷಕ್ಕೂ ಮೀರಿ ನಡೆದ ಹೆಚ್ಚುವರಿ ಪಾವತಿಯ ಸಂದರ್ಭದಲ್ಲಿ, ಹೀಗೆ ಕೆಲವು ಸನ್ನಿವೇಶಗಳಲ್ಲಿ ವಸೂಲಿ ಸಲ್ಲದೆಂದು ಆ ತೀರ್ಪು ಹೇಳಿರುವುದು ನಿಜ. ಕೇರಳದ ಶಿಕ್ಷಕರೊಬ್ಬರ ಪ್ರಕರಣದಲ್ಲಿ 2022ರ ಮೇ ತಿಂಗಳಲ್ಲಿಯೂ ನ್ಯಾಯಾಲಯವು ನಿವೃತ್ತರ ಪರವಾಗಿಯೇ ನಿಂತಿತು. ಆದರೆ ಈ ಕರುಣೆ ಯಾರ ಮೇಲಿನದು? ಹೆಚ್ಚು ಬರುತ್ತಿದೆಯೆಂಬುದನ್ನೇ ಅರಿಯದೆ, ಬಂದದ್ದನ್ನು ಮಕ್ಕಳ ಓದಿಗೆ, ಮನೆಯವರ ಔಷಧಿಗೆ ಖರ್ಚು ಮಾಡಿ, ಮುಪ್ಪಿನಲ್ಲಿ ಒಮ್ಮೆಲೇ ವಸೂಲಿ ನೋಟೀಸು ಕಂಡು ಕುಸಿದುಹೋಗುವ ಅಮಾಯಕರ ಮೇಲಿನದು. ಹೆಚ್ಚು ಬರುತ್ತಿದೆಯೆಂದು ನೌಕರನಿಗೆ ತಿಳಿದಿತ್ತೆಂದು ಸಾಬೀತಾದರೆ, ಅಥವಾ ತಪ್ಪು ಬೇಗನೆ ಪತ್ತೆಯಾದರೆ, ವಸೂಲಿಗೆ ಆದೇಶಿಸಬಹುದೆಂದು 2009ರ ಸೈಯದ್ ಅಬ್ದುಲ್ ಖಾದಿರ್ ಪ್ರಕರಣದಲ್ಲಿಯೇ ಸ್ಪಷ್ಟವಾಗಿದೆ. ಅರಿಯದವನಿಗೆ ಹಿಡಿದ ಕೊಡೆಯ ಕೆಳಗೆ ಅರಿತವನು ನುಸುಳಿ ನಿಲ್ಲುವುದು ಆ ಅಮಾಯಕರಿಗೆ ಮಾಡುವ ದ್ರೋಹ. ಅಂತಹವರ ಸಂಖ್ಯೆ ಬೆಳೆದಷ್ಟೂ ನಿಜವಾದ ಅಮಾಯಕನ ಮಾತನ್ನು ನಂಬುವವರು ಕಡಿಮೆಯಾಗುತ್ತಾರೆ.

ಆರನೆಯದು ಕೇಳಲು ಮೃದುವಾದ ಮಾತು: ‘ಹೇಳಿದರೆ ಪಾಪ, ಆ ಗುಮಾಸ್ತನ ಕೆಲಸಕ್ಕೆ ಕುತ್ತು ಬರುತ್ತದೆ.’ ಗುಮಾಸ್ತನ ಮೇಲೆ ಅಷ್ಟು ಕನಿಕರವಿದ್ದರೆ ಮೊದಲ ತಿಂಗಳಲ್ಲಿಯೇ ಅವನಿಗೆ ಹೇಳಬೇಕು. ಒಂದು ತಿಂಗಳ 3,750 ರೂಪಾಯಿಯ ತಪ್ಪನ್ನು ಮುಂದಿನ ಬಿಲ್ಲಿನಲ್ಲಿ ಸರಿಪಡಿಸಬಹುದು. ಅದು ಸಾಮಾನ್ಯ ತಿದ್ದುಪಡಿ. ಮೂರು ವರ್ಷದ ನಂತರ ಲೆಕ್ಕ ಪರಿಶೋಧನೆಯಲ್ಲಿ 1,35,000 ರೂಪಾಯಿಯಾಗಿ ಹೊರಬಂದಾಗ ಅದು ಆಕ್ಷೇಪಣೆಯಾಗುತ್ತದೆ. ಕಾರಣ ಕೇಳುವ ನೋಟೀಸು ಅವನ ಹೆಸರಿಗೇ ಬರುತ್ತದೆ. ಮೌನವಾಗಿದ್ದವರು ಅಂದು ಅವನ ಪಕ್ಕದಲ್ಲಿ ನಿಲ್ಲುವರೆ?

ಇನ್ನು ಕೊನೆಯ ಸಮರ್ಥನೆ. ಇದು ಭಕ್ತರದೇ ಆದದ್ದು, ಆದ್ದರಿಂದ ಎಲ್ಲಕ್ಕಿಂತ ಅಪಾಯಕಾರಿಯಾದದ್ದು: ‘ದೇವರು ಕೊಟ್ಟ. ಅದರಲ್ಲಿ ಒಂದು ಪಾಲನ್ನು ದಾಸೋಹಕ್ಕೆ ಮುಟ್ಟಿಸಿದರೆ ಶುದ್ಧವಾಗುತ್ತದೆ.’ ತಪ್ಪಿ ಬಂದ ಹಣವನ್ನು ಹೀಗೆ ಹುಂಡಿಗೆ ಹಾಕಿ, ರಸೀದಿ ಪಡೆದು, ಹಗುರಾದ ಮನಸ್ಸಿನಿಂದ ಮನೆಗೆ ಹೋಗುವವರಿದ್ದಾರೆ. ಇವರಿಗಾಗಿಯೇ ಲಕ್ಕಮ್ಮನವರ ಪ್ರಸಂಗವನ್ನು ಮತ್ತೊಮ್ಮೆ ಓದಬೇಕಾಗಿದೆ. ಮಾರಯ್ಯನವರು ಹೆಚ್ಚಿನ ಅಕ್ಕಿಯನ್ನು ತಂದದ್ದು ಮಾರಿಕೊಳ್ಳಲೆಂದಲ್ಲ, ಮನೆಯ ಕಣಜ ತುಂಬಿಸಲೆಂದೂ ಅಲ್ಲ. ಅದು ಹೋಗಬೇಕಾಗಿದ್ದುದು ದಾಸೋಹಕ್ಕೇ. ಉದ್ದೇಶ ಪವಿತ್ರವಾದರೆ ಹಣ ಪವಿತ್ರವಾಗುತ್ತದೆ ಎಂಬುದಾಗಿದ್ದರೆ ಲಕ್ಕಮ್ಮನವರು ಸಂತೋಷದಿಂದ ಎರಡು ಪಾತ್ರೆ ಹೆಚ್ಚು ಅನ್ನ ಮಾಡಬಹುದಿತ್ತು. ಅವರು ಮಾಡಲಿಲ್ಲ. ಬಡವರಿಗೆ ಹಂಚಿ ಬನ್ನಿ ಎಂದೂ ಹೇಳಲಿಲ್ಲ. ಎಲ್ಲಿಂದ ಬಂತೋ ಅಲ್ಲಿಗೇ ಹೋಗಲಿ ಎಂದರು. ಈ ವಿಳಾಸವೇ ಪ್ರಸಂಗದ ತಿರುಳು. ಹೆಚ್ಚಾಗಿ ಬಂದದ್ದಕ್ಕೆ ಹಿಂತಿರುಗುವ ವಿಳಾಸ ಒಂದೇ, ಅದು ಕೊಟ್ಟವರ ವಿಳಾಸ. ದೇವಸ್ಥಾನದ ಹುಂಡಿ, ಮಠದ ದಾಸೋಹ, ಅನಾಥಾಶ್ರಮದ ದೇಣಿಗೆ ಇವಾವುವೂ ಆ ವಿಳಾಸಗಳಲ್ಲ. ಇನ್ನೊಬ್ಬರ ಹಣದಿಂದ ಪುಣ್ಯ ಸಂಪಾದಿಸಲು ಹೊರಟವನು ಎರಡು ಸಲ ತಪ್ಪುತ್ತಾನೆ: ಹಣವನ್ನು ಉಳಿಸಿಕೊಂಡದ್ದು ಒಂದು, ಅದಕ್ಕೆ ದೇವರನ್ನು ಸಾಕ್ಷಿಗೆ ಕರೆದದ್ದು ಇನ್ನೊಂದು.

ಕಲಬುರಗಿಯು ದಾಸೋಹಕ್ಕೆ ಹೆಸರಾದ ನಗರ. ಮಹಾದಾಸೋಹಿ ಶರಣಬಸವೇಶ್ವರರು ಹೊಲದ ಕಾಳನ್ನು ಹಕ್ಕಿಗಳಿಗೆ ಬಿಟ್ಟು, ಅವುಗಳಿಗೆ ಕುಡಿಯಲು ನೀರನ್ನೂ ಇಟ್ಟರೆಂಬುದು ಇಲ್ಲಿ ಮಕ್ಕಳಿಗೂ ಗೊತ್ತಿರುವ ಕಥೆ. ಆದರೆ ಅವರು ಹಕ್ಕಿಗಳಿಗೆ ಬಿಟ್ಟದ್ದು ತಮ್ಮ ಹೊಲದ ಕಾಳನ್ನು. ನೆರೆಯವರ ಹೊಲದ ಕಾಳನ್ನು ಹಕ್ಕಿಗಳಿಗೆ ಹಾಕುವುದು ದಾಸೋಹವೆನಿಸುವುದಿಲ್ಲ. ತಪ್ಪಿ ಬಂದ ಸಂಬಳದ ಕಾಣಿಕೆಯನ್ನು ಯಾವ ಮಠವೂ ತಿಳಿದು ಸ್ವೀಕರಿಸಬಾರದು. ಸ್ವೀಕರಿಸಿದರೆ ಆ ಮಠ ಲಕ್ಕಮ್ಮನವರ ಹೆಸರಿನಲ್ಲಿ ಪ್ರವಚನ ಏರ್ಪಡಿಸುವ ಅರ್ಹತೆಯನ್ನು ಕಳೆದುಕೊಳ್ಳುತ್ತದೆ.

ಹಾಗೆಂದು ಇಲ್ಲಿ ಅಸಾಧ್ಯವಾದುದನ್ನೇನೂ ಕೇಳುತ್ತಿಲ್ಲ. ನುಲಿಯ ಚಂದಯ್ಯನವರ ಕಥೆಯಲ್ಲಿ, ಹಗ್ಗಕ್ಕೆ ಬಸವಣ್ಣನವರು ಮನಸಾರೆ ಕೊಟ್ಟ ಹೆಚ್ಚಿನ ಹೊನ್ನನ್ನೂ ಚಂದಯ್ಯನವರು ಒಪ್ಪದೆ, ಹಗ್ಗದ ಬೆಲೆಯಷ್ಟನ್ನು ಮಾತ್ರ ಪಡೆದರೆಂದು ಪರಂಪರೆ ಹೇಳುತ್ತದೆ. ಆ ಎತ್ತರ ಎಲ್ಲರಿಗೂ ಎಟುಕುವುದಿಲ್ಲ. ಮಾಲೀಕನು ತಿಳಿದು, ಮನಸಾರೆ ಕೊಟ್ಟ ಬೋನಸನ್ನು ಗೃಹಸ್ಥನು ನಿಸ್ಸಂಕೋಚವಾಗಿ ಪಡೆಯಲಿ. ಆದರೆ ಬಂದದ್ದು ಬೋನಸೋ ತಪ್ಪೋ ಎಂಬುದನ್ನು ತಿಳಿಯುವ ದಾರಿ ಒಂದೇ, ಲಕ್ಕಮ್ಮನವರ ದಾರಿ: ಕೇಳುವುದು. ಅವರು ಪತಿಯ ಮೇಲೆ ಆರೋಪ ಹೊರಿಸಿ ಮಾತು ಆರಂಭಿಸಲಿಲ್ಲ. ಇದು ಯಾರ ಮನಸ್ಸಿನಿಂದ ಬಂತು ಎಂದು ಪ್ರಶ್ನಿಸಿದರು. ಪ್ರಶ್ನೆ ಕೇಳಲು ಧೈರ್ಯ ಬೇಕಾದೀತು, ತ್ಯಾಗವೇನೂ ಬೇಕಿಲ್ಲ.

ಕೇಳುವ ಬಗೆಯೂ ಸರಳವಾದದ್ದೇ. ವೇತನ ಚೀಟಿಯನ್ನು ತೆಗೆದು ಮೂಲ ವೇತನ, ತುಟ್ಟಿ ಭತ್ಯೆ, ಮನೆ ಬಾಡಿಗೆ ಭತ್ಯೆ, ಕಡಿತಗಳನ್ನು ಒಂದೊಂದಾಗಿ ಹಿಂದಿನ ತಿಂಗಳ ಚೀಟಿಯೊಂದಿಗೆ ಹೋಲಿಸಬೇಕು. ವ್ಯತ್ಯಾಸಕ್ಕೆ ಕಾರಣ ತಿಳಿಯದಿದ್ದರೆ ವೇತನ ಬಟವಾಡೆ ಮಾಡುವ ಅಧಿಕಾರಿಗೆ ಅಥವಾ ಲೆಕ್ಕಪತ್ರ ವಿಭಾಗಕ್ಕೆ ನಾಲ್ಕು ಸಾಲು ಬರೆದು ಕೊಟ್ಟರೆ ಸಾಕು: ‘ವರ್ಗಾವಣೆಯ ನಂತರವೂ ಮನೆ ಬಾಡಿಗೆ ಭತ್ಯೆ ನಗರದ ದರದಲ್ಲಿಯೇ ಬಂದಿದೆ. ದಯವಿಟ್ಟು ಪರಿಶೀಲಿಸಿ, ಹೆಚ್ಚಾಗಿದ್ದರೆ ಮುಂದಿನ ವೇತನದಲ್ಲಿ ಹೊಂದಿಸಿಕೊಳ್ಳಬೇಕೆಂದು ಕೋರುತ್ತೇನೆ.’ ಬಾಯಿಮಾತಿನಲ್ಲಿ ಹೇಳಿ ಬಿಡುವುದಕ್ಕಿಂತ ಬರೆದು ಕೊಟ್ಟು ಪ್ರತಿಯ ಮೇಲೆ ಸ್ವೀಕೃತಿಯ ಸಹಿ ಪಡೆಯುವುದು ಲೇಸು. ಮುಂದೆ ಯಾರಾದರೂ ‘ತಿಳಿದೂ ಸುಮ್ಮನಿದ್ದರು’ ಎಂದರೆ ಆ ಕಾಗದವೇ ಉತ್ತರ ಕೊಡುತ್ತದೆ. ಉತ್ತರ ಬರುವವರೆಗೆ ಆ ಮೊತ್ತವನ್ನು ಖಾತೆಯಲ್ಲಿ ಹಾಗೆಯೇ ಇಟ್ಟಿರಬೇಕು. ಖರ್ಚಾಗಿ ಹೋಗಿದ್ದರೆ ಅದನ್ನೂ ಹೇಳಿ ಕಂತು ಕೇಳಬಹುದು. ಯಾರ ಕೈಗೂ ನಗದು ಕೊಡಬಾರದು. ‘ನಿಮ್ಮ ಖಾತೆಗೆ ತಪ್ಪಿ ಹಣ ಬಂದಿದೆ, ಈ ಸಂಖ್ಯೆಗೆ ಕಳುಹಿಸಿ’ ಎಂದು ಅಪರಿಚಿತರು ಮಾಡುವ ದೂರವಾಣಿ ಕರೆಗಳಿಗೆ ಮರುಳಾಗಲೂಬಾರದು. ಪ್ರಾಮಾಣಿಕರನ್ನೇ ಹುಡುಕಿ ವಂಚಿಸುವ ಜಾಲಗಳೂ ಇವೆ.

ತಡಮಾಡದಿರುವುದಕ್ಕೆ ಲೌಕಿಕವಾದ ಕಾರಣವೂ ಇದೆ. ತಪ್ಪು ಅಂಕಿ ಒಂದೇ ಕಡೆ ನಿಲ್ಲುವುದಿಲ್ಲ. ಭವಿಷ್ಯ ನಿಧಿಯ ಶೇ 12, ಇ.ಎಸ್.ಐ.ಗೆ ನೌಕರನ ಶೇ 0.75 ಮತ್ತು ಮಾಲೀಕನ ಶೇ 3.25, ಆದಾಯ ತೆರಿಗೆ ಇವೆಲ್ಲವೂ ಸಂಬಳದ ಅಂಕಿಯನ್ನೇ ಹಿಡಿದು ನಡೆಯುತ್ತವೆ. ಮಾರ್ಚ್ 31ರೊಳಗೆ, ಅದೇ ಆರ್ಥಿಕ ವರ್ಷದಲ್ಲಿ ಸರಿಪಡಿಸಿದರೆ ತೊಡಕು ಕಡಿಮೆ. ಕೆನಡಾ ದೇಶದಲ್ಲಿ 2016ರಲ್ಲಿ ಫೀನಿಕ್ಸ್ ಎಂಬ ವೇತನ ಗಣಕ ವ್ಯವಸ್ಥೆ ಆರಂಭವಾದಾಗ ಸಾವಿರಾರು ಸರ್ಕಾರಿ ನೌಕರರಿಗೆ ಸಂಬಳ ಕಡಿಮೆ ಬಂತು, ಮತ್ತೆ ಸಾವಿರಾರು ಜನರಿಗೆ ಹೆಚ್ಚು ಬಂತು. ವರ್ಷ ದಾಟಿದ ಮೇಲೆ ಹಿಂತಿರುಗಿಸಬೇಕಾದವರು, ಕೈಗೆ ಬಾರದೆ ತೆರಿಗೆಯಾಗಿ ಕಡಿತವಾಗಿದ್ದ ಮೊತ್ತವನ್ನೂ ಸೇರಿಸಿ ಕಟ್ಟಬೇಕಾದ ಸಂಕಟಕ್ಕೆ ಸಿಲುಕಿದರು. ಅದನ್ನು ತಪ್ಪಿಸಲು ಅಲ್ಲಿ ತೆರಿಗೆ ಕಾನೂನನ್ನೇ ತಿದ್ದಬೇಕಾಯಿತು. ಎಷ್ಟೇ ದೊಡ್ಡ ಯಂತ್ರವಾದರೂ ತಪ್ಪುತ್ತದೆ. ಆ ತಪ್ಪನ್ನು ಮೊದಲು ಕಾಣುವ ಕಣ್ಣು ಸಂಬಳ ಪಡೆದವನದೇ.

ಇಷ್ಟು ಹೊತ್ತು ನೌಕರನಿಗೆ ಹೇಳಿದ್ದಾಯಿತು. ಮಾಲೀಕರಿಗೂ ಹೇಳದಿದ್ದರೆ ಈ ಮಾತು ಒಂದೇ ಕಡೆಯ ತಕ್ಕಡಿಯಾದೀತು. ತಪ್ಪನ್ನು ತಾನಾಗಿಯೇ ತಿಳಿಸಿದ ನೌಕರನನ್ನು ಸಂಶಯದಿಂದ ನೋಡುವ, ‘ಮೊದಲೇ ಯಾಕೆ ಹೇಳಲಿಲ್ಲ?’ ಎಂದು ಗದರುವ, ಮುಂದಿನ ತಿಂಗಳು ಪೂರ್ಣ ಮೊತ್ತವನ್ನು ಒಮ್ಮೆಲೇ ಕತ್ತರಿಸಿ ಅವನ ಮನೆಯ ಒಲೆ ಆರಿಸುವ ಮಾಲೀಕನು ಉಳಿದ ನೂರು ನೌಕರರಿಗೆ ಮೌನದ ಪಾಠ ಕಲಿಸುತ್ತಾನೆ. ಹೆಚ್ಚಾಗಿ ಪಾವತಿಯಾದ ವೇತನವನ್ನು ಸರಿಹೊಂದಿಸಿಕೊಳ್ಳಲು 1936ರ ವೇತನ ಪಾವತಿ ಕಾಯ್ದೆ ಅವಕಾಶ ಕೊಟ್ಟಿತ್ತು. ಅದರ ಸ್ಥಾನದಲ್ಲಿ 2025ರ ನವೆಂಬರ್ 21ರಂದು ಜಾರಿಗೆ ಬಂದ 2019ರ ವೇತನ ಸಂಹಿತೆಯಲ್ಲಿಯೂ ಆ ಅವಕಾಶವಿದೆ. ಆದರೆ ಒಟ್ಟು ಕಡಿತ ವೇತನದ ಅರ್ಧವನ್ನು ಮೀರಕೂಡದೆಂಬ ಮಿತಿಯೂ ಅಲ್ಲಿಯೇ ಇದೆ. ಆ ಅರ್ಧವು ಮೇಲಿನ ಮಿತಿ. ಕರುಣೆಯುಳ್ಳವನು ಅಲ್ಲಿಯವರೆಗೆ ಹೋಗಬೇಕಾಗಿಲ್ಲ. ಸಾಧಾರಣ ಕಂತು, ಬಡ್ಡಿಯಿಲ್ಲದ ಹೊಂದಾಣಿಕೆ, ಒಂದು ಕೃತಜ್ಞತೆಯ ಮಾತು ಇಷ್ಟನ್ನು ಕೊಟ್ಟರೆ ಮುಂದಿನ ತಪ್ಪೂ ಬೇಗನೆ ತಿಳಿದುಬರುತ್ತದೆ.

ಈ ಮಾತು ಧಾರ್ಮಿಕ ಸಂಸ್ಥೆಗಳ ಆಶ್ರಯದಲ್ಲಿ ನಡೆಯುವ ಶಾಲೆ ಕಾಲೇಜುಗಳಿಗೆ ಇನ್ನೂ ಹೆಚ್ಚಾಗಿ ಅನ್ವಯಿಸುತ್ತದೆ. ಕಾಯಕವನ್ನು ಕೈಲಾಸಕ್ಕೆ ಸರಿಗಟ್ಟುವ ಮಾತನ್ನು ಗೋಡೆಯ ಮೇಲೆ ಬರೆಸಿ, ಅದೇ ಗೋಡೆಯ ಹಿಂದೆ ಶಿಕ್ಷಕರಿಂದ ಹೆಚ್ಚಿನ ಮೊತ್ತಕ್ಕೆ ಸಹಿ ಪಡೆದು ಕಡಿಮೆ ಕೊಡುವ ಸಂಸ್ಥೆ ಎಲ್ಲಿಯಾದರೂ ಇದ್ದರೆ, ಅದು ತನ್ನ ನೌಕರರಿಂದ ಪ್ರಾಮಾಣಿಕತೆಯನ್ನು ಕೇಳುವ ಬಾಯಿಯನ್ನು ತಾನೇ ಹೊಲಿದುಕೊಂಡಿದೆ. ಬಸವಣ್ಣನವರು ಬಿಜ್ಜಳನ ಭಂಡಾರವನ್ನು ನೋಡಿಕೊಂಡವರು. ಭಂಡಾರದ ಹಣವನ್ನು ಜಂಗಮರಿಗೆ ಸವೆಸುತ್ತಿದ್ದಾರೆಂಬ ದೂರು ಬಂದಾಗ ಅವರು ಭಕ್ತಿಯನ್ನು ಗುರಾಣಿಯಾಗಿ ಹಿಡಿಯಲಿಲ್ಲ, ಲೆಕ್ಕಕ್ಕೆ ಭಂಡಾರವನ್ನು ತೆರೆದು ತೋರಿಸಿದರೆಂದು ಹರಿಹರನ ರಗಳೆಯ ಪರಂಪರೆ ತಿಳಿಸುತ್ತದೆ. ಬಸವಣ್ಣನವರ ಹೆಸರು ಹೇಳುವ ಸಂಸ್ಥೆಗಳ ಲೆಕ್ಕದ ಪುಸ್ತಕವೂ ಹಾಗೆಯೇ ತೆರೆದಿರಬೇಕಲ್ಲವೆ?

ದೊಡ್ಡ ಹಗರಣಗಳ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿ ‘ದೇಶ ಹಾಳಾಯಿತು’ ಎಂದು ನಿಟ್ಟುಸಿರು ಬಿಡುವುದು ಸುಲಭ. ಆ ಹಗರಣಗಳನ್ನು ತಡೆಯುವ ಶಕ್ತಿ ಸಾಮಾನ್ಯ ಭಕ್ತನ ಕೈಯಲ್ಲಿಲ್ಲ. ಆದರೆ ತನ್ನ ಖಾತೆಗೆ ತಪ್ಪಿ ಬಂದ 3,750 ರೂಪಾಯಿಯ ಮೇಲೆ, ತಪ್ಪಿ ಉಳಿದ 2,400 ರೂಪಾಯಿಯ ಮೇಲೆ ಅವನಿಗೆ ಪೂರ್ಣ ಅಧಿಕಾರವಿದೆ. ಅಲ್ಲಿ ಅವನೇ ಭಂಡಾರಿ, ಅವನೇ ಲೆಕ್ಕ ಪರಿಶೋಧಕ. ಸಂಬಳ ಬರುವ ಮುಂದಿನ ದಿನಾಂಕಕ್ಕೆ ಮೊದಲು ಈ ತಿಂಗಳ ವೇತನ ಚೀಟಿಯನ್ನು ಪ್ರತಿಯೊಬ್ಬ ಸದ್ಭಕ್ತರೂ, ಮನೆಯ ಲೆಕ್ಕ ನೋಡುವ ಪ್ರತಿಯೊಬ್ಬ ತಾಯಂದಿರೂ ಒಮ್ಮೆ ಸಾವಕಾಶವಾಗಿ ಓದಲಿ. ಕಡಿಮೆ ಇದ್ದರೆ ಅಂಜದೆ ಕೇಳಲಿ, ಹೆಚ್ಚಿದ್ದರೆ ಅಳುಕದೆ ಹೇಳಲಿ. ಆ ಬಳಿಕ ಮಠಕ್ಕೆ ಬರಿಗೈಯಲ್ಲಿ ಬಂದರೂ ಅವರಿಗೆ ದಾಸೋಹದ ಪಂಕ್ತಿಯಲ್ಲಿ ಸ್ಥಳವಿದೆ.